ಸೇಂಟ್ ಮೇರೀಸ್ ದ್ವೀಪಕ್ಕೆ ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಕಾಫಿ ಕೊಯ್ಲು ಮುಗಿಯಿತು. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆಗೆ ಕಾಯುತ್ತಾ ಸುಮ್ನೆ ಕೂರುವ ಬದಲು ಸಮುದ್ರ ನೋಡಿ ಬರೋಣ, ಅಲ್ವಾ?

ಭಾನುವಾರ ಬೆಳಗಿನ ಜಾವ 4ಕ್ಕೆ ಮಡಿಕೇರಿಯಿಂದ ಗಾಡಿ ಹೊರಡುತ್ತದೆ. ಸಂಪಾಜೆ ಘಾಟಿಯಲ್ಲಿ ವಾಂತಿ ಬರುವವರು ಮುಂದಿನ ಸೀಟಿಗೆ ಈಗಲೇ ಹೇಳಿ. ಮಲ್ಪೆಯಿಂದ ದೋಣಿ.

ಅಲ್ಲಿನ ಕಲ್ಲುಕಂಬಗಳನ್ನು ನೋಡಲೇಬೇಕು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಲಾವಾ ತಣ್ಣಗಾಗಿ, ಬಿರುಕು ಬಿಟ್ಟು ಆದ ಕಂಬಗಳು. ಆಗ ಮಡಗಾಸ್ಕರ್ ನಮ್ಮ ನೆಲಕ್ಕೇ ಅಂಟಿಕೊಂಡಿತ್ತಂತೆ! 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಳಿದು ಮೇರಿ ಮಾತೆಯ ಹೆಸರಿಟ್ಟ ಎಂಬ ಕಥೆಯೂ ಇದೆ.

ದಡದಲ್ಲಿ ಮರಳಿಗಿಂತ ಚಿಪ್ಪೇ ಜಾಸ್ತಿ, ಚಪ್ಪಲಿ ಬಿಚ್ಚಬೇಡಿ. ಮಳೆಗಾಲದಲ್ಲಿ ದೋಣಿ ನಿಲ್ಲುತ್ತದೆ, ಹಾಗಾಗಿ ಮುಂದೂಡುವ ಮಾತು ಬೇಡ. ಗುರುವಾರದೊಳಗೆ ಹೆಸರು ಕೊಡಿ.