ಆ ಬ್ಯಾಡ್ಜು ಟಿಪ್ಪುವಿನ ಕಾಲದ್ದಲ್ಲ

ಮಾನ್ಯ ಸಂಪಾದಕರೇ,

ನೆರೆಮನೆಯ ಹಳೆಯ ಟ್ರಂಕಿನಲ್ಲಿ ಸಿಕ್ಕಿದ, ಸ್ಕಾಟ್ಲೆಂಡಿನ ‘ಬ್ಲ್ಯಾಕ್ ವಾಚ್’ ಎಂಬ ಬ್ರಿಟಿಷ್ ಸೇನಾದಳದ ಹಿತ್ತಾಳೆ ಬ್ಯಾಡ್ಜನ್ನು ನಮ್ಮೂರಿನಲ್ಲಿ ಹಲವರು ಟಿಪ್ಪುವಿನ ಕಾಲದ್ದೆಂದೇ ನಂಬಿದ್ದಾರೆ. ಟಿಪ್ಪು ಹಾಕಿದ 1783ರ ಮುತ್ತಿಗೆಯಲ್ಲಿ ಮಂಗಳೂರಿನ ಕೋಟೆ ಕಾದವರಲ್ಲಿ ಆ ದಳದ ಎರಡನೆಯ ಬೆಟಾಲಿಯನ್ ಇದ್ದದ್ದು ನಿಜ. ಆದರೆ ಬ್ಯಾಡ್ಜಿನಲ್ಲಿ ಸ್ಕಾಟ್ಲೆಂಡಿನ ಪೋಷಕ ಸಂತ ಆಂಡ್ರ್ಯೂವಿನ ಆಕೃತಿಯ ಕೆಳಗಿರುವ ಸ್ಫಿಂಕ್ಸ್ (ಸಿಂಹದ ಮೈ, ಮನುಷ್ಯನ ತಲೆಯ ಕಾಲ್ಪನಿಕ ಪ್ರಾಣಿ) ಮೂರ್ತಿ 1801ರ ಈಜಿಪ್ಟ್ ಯುದ್ಧದ ಗೌರವವಾದ್ದರಿಂದ, ಬ್ಯಾಡ್ಜು ಆ ಮುತ್ತಿಗೆಯ ಕಾಲದ್ದಾಗಿರಲಾರದು. ಮೇಲಿನ ಕಿರೀಟದ ಕಮಾನು ನಡುವೆ ತಗ್ಗದೆ ಗುಮ್ಮಟದಂತೆ ಉಬ್ಬಿದ್ದು, ಅದು ಸಾಮಾನ್ಯವಾಗಿ 1901ರ ನಂತರದ ಗುರುತು. ಹಿಂಬದಿಯ ಎರಡು ಕೊಂಡಿಗಳನ್ನು ಕೆಲವರು ಸೀರೆಯ ಪಿನ್ನಿಗೆಂದುಕೊಂಡರು! ಅವನ್ನು ‘ಗ್ಲೆಂಗರಿ’ ಎಂಬ ಉದ್ದ ಟೊಪ್ಪಿಯ ಎಡಬದಿಗೆ ತೂರಿಸಿ, ಒಳಗಿನಿಂದ ಕಡ್ಡಿ ಸಿಕ್ಕಿಸಿ ಬಿಗಿಯುತ್ತಿದ್ದರು. ದಯವಿಟ್ಟು ಯಾರೂ ಅದನ್ನು ಹುಣಸೆಹಣ್ಣಿನಿಂದ ಉಜ್ಜಬೇಡಿರಿ. ಸವೆದ ಅಂಚುಗಳೂ ಕಾಲನಿರ್ಣಯಕ್ಕೆ ಬೇಕು.

— ಓರ್ವ ಓದುಗ, ಕದ್ರಿ, ಮಂಗಳೂರು