ಕಾಲಡಿಯ ಆ ‘ಧುಮ್’

ಪುಟ್ಟಿ,

ಆಶೀರ್ವಾದಗಳು. ಮನೆಯ ಸುದ್ದಿಯನ್ನೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ಅದನ್ನು ಬಿಡುತ್ತೇನೆ. ನಿನ್ನ ಕಾಗದದ ಮೂರೂವರೆ ಪುಟ ಓದಿ ಖುಷಿಪಟ್ಟೆ. ಕೊನೆಗೆ ಬರೆದಿದ್ದೀಯಲ್ಲ, ಅಲ್ಲಿ ಹಿಮದ ಬೆಟ್ಟದಲ್ಲಿ ಎರಡು ದಿನದ ಬಿರುಗಾಳಿ ನಿಂತ ಕೂಡಲೇ ಎಲ್ಲರೂ ಹೊರಗೆ ಹೋದೆವು, ‘ಒಂದು ಕಡೆ ಕಾಲಡಿಯಲ್ಲಿ ಧುಮ್ ಅಂದು ಹಿಮ ಕುಸಿದ ಹಾಗಾಯ್ತು, ನಕ್ಕೂ ನಕ್ಕೂ ಸಾಕಾಯ್ತು’ ಅಂತ. ಅಲ್ಲಿಗೆ ಕನ್ನಡಕ ತೆಗೆದಿಟ್ಟೆ.

ಆ ಸದ್ದು ನನಗೆ ಗೊತ್ತು. ಅಟ್ಟದ ಮೇಲೆ ಯಾರೋ ತುಂಬಿದ ಮೂಟೆ ಇಳಿಸಿದ ಹಾಗಿರುತ್ತದೆ. ಚಳಿ ಬಲಿತಾಗ ಕೆಳಗಿನ ಹಳೆಯ ಹಿಮ ಸಕ್ಕರೆ ಹರಳಿನಂತಾಗುತ್ತದೆ, ಒಂದಕ್ಕೊಂದು ಅಂಟುವುದಿಲ್ಲ. ಅದರ ಮೇಲೆ ಗಾಳಿ ತಂದು ಹಾಕಿದ ಹೊಸ ಹಿಮ ಹಲಗೆಯ ಹಾಗೆ ಕೂತಿರುತ್ತದೆ. ನೀವು ಕಾಲಿಟ್ಟಾಗ ಹರಳಿನ ಪದರ ಕುಸಿಯಿತು. ಅಲ್ಲಿ ಇಳಿಜಾರು ಕಡಿಮೆಯಿದ್ದಿರಬೇಕು, ಹಲಗೆ ಜಾರಲಿಲ್ಲ. 30ರಿಂದ 45 ಡಿಗ್ರಿಯಷ್ಟು ಕಡಿದಾಗಿದ್ದಿದ್ದರೆ... ಬೇಡ, ಬರೆಯುವುದಿಲ್ಲ.

ನಿನಗೆ ಯಾರೂ ಹೇಳಿರಲಾರರು, ನಾನೇ ಹೇಳಿಲ್ಲ. ನಾನು ಬೆಟ್ಟದಲ್ಲಿ ಅಳತೆ ಕೆಲಸಕ್ಕಿದ್ದ ಕೊನೆಯ ಚಳಿಗಾಲ. ನಾವು ನಾಲ್ವರು. ಮೂರು ದಿನ ಗುಡಾರದಲ್ಲೇ ಕೊಳೆತಿದ್ದೆವು. ನಾಲ್ಕನೆಯ ಬೆಳಗು ಆಕಾಶ ನೀಲಿ ಬಣ್ಣ ಬಳಿದ ಹಾಗಿತ್ತು, ಯಾರಿಗೂ ಕೂರುವ ತಾಳ್ಮೆಯಿಲ್ಲ. ಸಪಾಟಾದ ಜಾಗದಲ್ಲಿ ಹೋಗುವಾಗಲೇ ಧುಮ್ ಅಂತು. ನನ್ನ ಬೂಟಿನ ಮುಂದಿನಿಂದ ಕೂದಲೆಳೆಯಂಥ ಒಂದು ಬಿರುಕು ಸರ್ರನೆ ಹತ್ತು ಮಾರು ಓಡಿತು. ನಾನು ಮೂರನೆಯವನು. ನೋಡಿದೆ. ಸುಮ್ಮನಿದ್ದೆ. ಹಿಂದಿನ ದಿನವಷ್ಟೇ ಅವರೆಲ್ಲ ನನ್ನನ್ನು ಪುಕ್ಕಲ ಎಂದು ಗೇಲಿ ಮಾಡಿದ್ದರು.

ಅರ್ಧ ಗಂಟೆಯ ಮೇಲೆ ಮುಂದಿದ್ದವನು ಇಳಿಜಾರಿಗೆ ಕಾಲಿಟ್ಟ. ಅವನ ತಲೆಯಿಂದ ಎಷ್ಟೋ ಮೇಲೆ ಹಿಮ ಅಡ್ಡಕ್ಕೆ ಸೀಳಿ ಜಾರಿತು, ಅವನು ಹೂತುಹೋದ. ನಮ್ಮಲ್ಲಿದ್ದ ಒಂದೇ ಸಲಿಕೆ ಅವನ ಬೆನ್ನ ಚೀಲದಲ್ಲಿತ್ತು. ನಾವು ಊಟದ ತಟ್ಟೆಯಲ್ಲಿ ಅಗೆದೆವು. ಜಾರುವಾಗ ಹಿಟ್ಟಿನಂತಿದ್ದ ಹಿಮ ನಿಂತ ಮೇಲೆ ಸಿಮೆಂಟಾಗಿತ್ತು, ತಟ್ಟೆಯ ಅಂಚು ಮಡಚಿಕೊಂಡಿತು. ಸಿಕ್ಕಾಗ ಅವನ ಮುಖದ ಸುತ್ತ ತೆಳುವಾದ ಮಂಜುಗಡ್ಡೆಯ ಮುಖವಾಡ. ಅವನದೇ ಉಸಿರು ಕರಗಿಸಿ ಮತ್ತೆ ಹೆಪ್ಪುಗಟ್ಟಿದ್ದು. ಅಂದರೆ ಎಷ್ಟೋ ಹೊತ್ತು ಉಸಿರಾಡುತ್ತಲೇ ಇದ್ದ.

ಇದನ್ನೆಲ್ಲ ಹೇಳಿ ಹೆದರಿಸಬಾರದಿತ್ತೇನೋ.

ನೀನು ಯೋಧ ಹನುಮಂತಪ್ಪ ಕೊಪ್ಪದ ಅವರ ವಿಷಯ ಬರೆದಿದ್ದೀಯ. ನಿಜ, 2016ರಲ್ಲಿ ಸಿಯಾಚಿನ್‌ನಲ್ಲಿ ಆರು ದಿನ ಹಿಮದಡಿ ಇದ್ದು ಜೀವಂತ ಸಿಕ್ಕರು, ನಾವೆಲ್ಲ ಟಿವಿ ಮುಂದೆ ಕೈಮುಗಿದು ಕೂತಿದ್ದೆವು. ಆದರೆ ಅವರೂ ಉಳಿಯಲಿಲ್ಲ, ಜೊತೆಗಿದ್ದ ಒಂಬತ್ತು ಮಂದಿ ಮೊದಲೇ ಹೋಗಿದ್ದರು. ಸಾಮಾನ್ಯವಾಗಿ ಲೆಕ್ಕ ನಿಮಿಷಗಳಲ್ಲಿರುತ್ತದೆ. ಹೂತವರನ್ನು ಮೊದಲ ಹತ್ತು ನಿಮಿಷದಲ್ಲಿ ತೆಗೆದರೆ ಹೆಚ್ಚಿನವರು ಬದುಕುತ್ತಾರೆ, ಅರ್ಧ ಗಂಟೆ ದಾಟಿದರೆ ಹೆಚ್ಚಿನವರು ಇಲ್ಲ. ಕೆಳಗಿನಿಂದ ರಕ್ಷಣಾ ತಂಡ ಬರುವ ಹೊತ್ತಿಗೆ ಅದು ಮುಗಿದಿರುತ್ತದೆ. ಪಕ್ಕದಲ್ಲಿ ಇರುವವರೇ ಅಗೆಯಬೇಕು.

ನನ್ನ ಬುದ್ಧಿವಾದ ಹಳೆಯದು, ಈಗಿನವರಿಗೆ ಇದಕ್ಕಿಂತ ಚೆನ್ನಾಗಿ ಗೊತ್ತಿರುತ್ತದೆ. ಆದರೂ, ಬಿರುಗಾಳಿ ನಿಂತ ಮೇಲೆ ಒಂದೆರಡು ದಿನ ಕಡಿದಾದ ಕಡೆ ಹೋಗಬೇಡಿ. ಗಾಳಿ ಬೀಸಿದ ಮಗ್ಗುಲಲ್ಲ, ಅದರ ಆಚೆಯ ಮಗ್ಗುಲು ಹೆಚ್ಚು ಮೋಸ, ಹೊತ್ತು ತಂದ ಹಿಮವೆಲ್ಲ ಅಲ್ಲೇ ಪೇರಿಕೊಂಡಿರುತ್ತದೆ. ತಾನು ಸಪಾಟು ನೆಲದಲ್ಲಿದ್ದೇನೆ ಎಂದು ಇಳಿಜಾರಿನ ಬುಡದಲ್ಲಿ ನಿಂತು ಚಹಾ ಕುಡಿಯುವುದೂ ಬೇಡ, ಕೆಳಗೆ ನಡೆದವನ ಭಾರಕ್ಕೂ ಮೇಲಿನದು ಕಿತ್ತು ಬರಬಹುದು. ಕೂಗಿದರೆ ಹಿಮ ಜಾರುತ್ತದೆ ಅನ್ನುವುದು ಮಾತ್ರ ಸಿನಿಮಾದ ಕಥೆ. ಕೂಗು. ಆ ಧುಮ್ ಇನ್ನೊಮ್ಮೆ ಕೇಳಿದರೆ ಎಲ್ಲರಿಗೂ ಕೇಳುವ ಹಾಗೆ ‘ವಾಪಸ್ ಹೋಗೋಣ’ ಅಂತ ಕೂಗಿ ಹೇಳು. ನಕ್ಕರೆ ನಗಲಿ. ‘ನಾನೊಬ್ಬಳೇ ಬೇಡ ಅಂದರೆ ಚೆನ್ನಾಗಿರಲ್ಲ’ ಎಂದು ಬರೆದಿದ್ದೀಯ ನೋಡು, ಆ ಸಾಲನ್ನು ಮೂರು ರಾತ್ರಿಯಿಂದ ಓದುತ್ತಿದ್ದೇನೆ. ನಾನೂ ಹಾಗೇ ಅಂದುಕೊಂಡಿದ್ದೆ.

ಶನಿವಾರ ಎತ್ತರದ ಕಡೆ ಹೋಗುವವರಿದ್ದೇವೆ ಅಂದಿದ್ದೀಯ. ಏನಾಯಿತೆಂದು ಒಂದು ಸಾಲು ಬರೆ, ಉದ್ದ ಬೇಕಿಲ್ಲ.

ನಿನ್ನ
ದೊಡ್ಡಪ್ಪ

ತಾ.ಕ.: ಸಲಿಕೆ ಪ್ಲಾಸ್ಟಿಕ್ಕಿನದು ಬೇಡ, ಗಟ್ಟಿ ಹಿಮಕ್ಕೆ ಮುರಿಯುತ್ತದೆ. ಲೋಹದ್ದೇ ತಗೋ. ಒಬ್ಬೊಬ್ಬರ ಚೀಲದಲ್ಲೂ ಒಂದೊಂದು ಇರಲಿ. ದುಡ್ಡು ನಾನು ಕಳಿಸುತ್ತೇನೆ.