ಪದ್ಯ ಮೊದಲು ಕಿವಿಗೆ ಬೀಳ್ಲಿ

ಸಂಪಾದಕರಿಗೆ ನಮಸ್ಕಾರ,

ಈಗಿನ ಮಕ್ಕಳಿಗೆ ಕವಿತೆ ಅಂದ್ರೆ ಆಗಲ್ಲ ಅಂತ ಮೊನ್ನೆ ನಿಮ್ಮ ಪತ್ರಗಳ ಅಂಕಣದಲ್ಲಿ ಒಬ್ಬರು ಬರೆದಿದ್ರು, ಓದಿ ಸುಮ್ನಿರೋಕೆ ಆಗ್ಲಿಲ್ಲ. ಆಗಲ್ಲ ಅಂತೇನಿಲ್ಲ ಸಾರ್, ಅವರಿಗೆ ಯಾರೂ ಪದ್ಯ ಓದಿ ಹೇಳ್ತಿಲ್ಲ ಅಷ್ಟೇ.

ನನಗೆ ಈ ಹುಚ್ಚು ಹಿಡಿದಿದ್ದು ಜ್ವರದಲ್ಲಿ. ಅಣ್ಣನಿಗೆ ಹೈಸ್ಕೂಲಲ್ಲಿ ಕುಮಾರವ್ಯಾಸನ ಪದ್ಯ ಬಾಯಿಪಾಠಕ್ಕಿತ್ತು, ನಾನಿನ್ನೂ ನಾಲ್ಕನೇ ಕ್ಲಾಸು, ಅವನು ಬೈಕೊಂಡೇ ರೂಮಲ್ಲಿ ಅತ್ತಿಂದಿತ್ತ ಓಡಾಡ್ತಾ ಅದನ್ನ ಉರು ಹೊಡೀತಿದ್ದ, ನಾನು ಮಲಗಿದ್ದಲ್ಲೇ ಕೇಳ್ತಿದ್ದೆ. ಒಂದು ಪದಕ್ಕೂ ಅರ್ಥ ಗೊತ್ತಿಲ್ಲ. ಮೂರನೇ ದಿನ ಅವನು ತಡವರಿಸಿದ ಕಡೆ ಮುಂದಿನ ಪದ ನನ್ನ ಬಾಯಿಂದ ಬಂತು! ಪರೀಕ್ಷೆ ಮುಗಿದು ವಾರಕ್ಕೆ ಅವನಿಗೆ ಮರೆತೋಯ್ತು, ನನಗೆ ಇವತ್ತಿಗೂ ಇದೆ. ಎಷ್ಟೋ ವರ್ಷ ಆದ್ಮೇಲೆ ಛಂದಸ್ಸು ಓದುವಾಗ ಗೊತ್ತಾಯ್ತು, ಅದು ಭಾಮಿನಿ ಷಟ್ಪದಿ, ಆರು ಸಾಲಿನ ಪದ್ಯ, ಮೂರು ನಾಲ್ಕು ಮೂರು ನಾಲ್ಕು ಅಂತ ಹೆಜ್ಜೆ ಹಾಕ್ಕೊಂಡು ಸಾಲಿಗೆ 14 ಮಾತ್ರೆ (ಒಂದು ಹ್ರಸ್ವ ಅಕ್ಷರ ಹೇಳೋಷ್ಟು ಹೊತ್ತು ಒಂದು ಮಾತ್ರೆ), ಮೂರನೇದು ಆರನೇದು ಮಾತ್ರ 23ರ ತನಕ ಹೋಗಿ ಕೊನೇ ಗುರುವಿನ, ಅಂದ್ರೆ ಎರಡು ಮಾತ್ರೆಯ ಅಕ್ಷರದ ಮೇಲೆ ಕಾಲೂರಿ ನಿಲ್ತವೆ. ಜ್ವರದಲ್ಲಿ ನಾನು ಕಾಯ್ತಿದ್ದಿದ್ದು ಆ ನಿಲ್ಲೋ ಜಾಗಕ್ಕೇ.

1986ರಲ್ಲಿ ಡಿಕ್ಯಾಸ್ಪರ್, ಸ್ಪೆನ್ಸ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದ್ರು. ಬಸುರಿಯರು ಕೊನೇ ಆರು ವಾರ ದಿನಾ ಒಂದೇ ಕತೆ ಜೋರಾಗಿ ಓದಿದ್ರು, ಹುಟ್ಟಿ ಎರಡ್ಮೂರು ದಿನ ಆದ ಕೂಸುಗಳು ಬೇರೆ ಹೆಂಗಸು ಓದಿದ್ರೂ ಚೀಪೋ ರೀತೀಲೇ ಆ ಕತೇನೇ ಬೇಕು ಅಂದ್ವು. ಅರ್ಥ ಎಲ್ಲಿತ್ತು ಅಲ್ಲಿ? ಇಂಗ್ಲಿಷ್ ಕವಿ ಕೀಟ್ಸ್ ಕೂಡ 1816ರ ಅಕ್ಟೋಬರಲ್ಲಿ ಗೆಳೆಯ ಕ್ಲಾರ್ಕ್ ಜೊತೆ ರಾತ್ರಿಯಿಡೀ ಗ್ರೀಕ್ ಕವಿ ಹೋಮರನ ಕಾವ್ಯದ ಇಂಗ್ಲಿಷ್ ಅನುವಾದ ಓದ್ತಾ ಕೆಲವು ಸಾಲಿಗೆ ಖುಷಿ ತಡೀದೆ ಕೂಗಿಬಿಟ್ಟನಂತೆ, ನಸುಕಲ್ಲಿ ಮನೆಗೆ ನಡೆದು ಹೋಗಿ ಬರೆದ ಸಾನೆಟ್ಟು (ಹದಿನಾಲ್ಕು ಸಾಲಿನ ಪದ್ಯ) ಬೆಳಿಗ್ಗೆ ಹತ್ತಕ್ಕೆಲ್ಲ ಕ್ಲಾರ್ಕ್ ಕೈ ಸೇರಿತ್ತು.

ಕ್ಲಾಸಲ್ಲಿ ನಾವು ಮಾಡೋದು ಉಲ್ಟಾ, ಪದ್ಯ ಎರಡು ಸಲ ಬಾಯಲ್ಲಿ ಆಡೋ ಮೊದಲೇ ಸಾರಾಂಶ ಬರೀರಿ ಅಂತೀವಿ.

ಎಲ್ಲರಿಗೂ ನನ್ನ ಥರಾನೇ ಆಗಬೇಕು ಅಂತಿಲ್ಲ. ನನ್ನ ಹೆಂಡತಿಗೆ ಪದ್ಯದ ಗೊಡವೇನೇ ಇರಲಿಲ್ಲ, ಅವಳ ಅಪ್ಪ ತೀರಿಕೊಂಡಾಗ ಗೆಳತಿ ಒಬ್ಬಳು ಬರೆದು ಕಳಿಸಿದ ನಾಲ್ಕು ಸಾಲನ್ನ ತಿಂಗಳುಗಟ್ಟಲೆ ಪರ್ಸಲ್ಲಿ ಇಟ್ಕೊಂಡಿದ್ಲು, ರಾತ್ರಿ ತೆಗೆದು ಓದೋಳು. ಅವಳೂ ಕಣ್ಣಲ್ಲಿ ಓದ್ತಿರಲಿಲ್ಲ, ತುಟಿ ಅಲ್ಲಾಡ್ತಿತ್ತು.

ನಿಮ್ಮಲ್ಲಿ ಒಂದು ಕೋರಿಕೆ. ಭಾನುವಾರದ ಪುರವಣಿಯಲ್ಲಿ ಜಾಗ ಸಾಲ್ದೆ ಪದ್ಯದ ಸಾಲುಗಳನ್ನ ಸಿಕ್ಕ ಸಿಕ್ಕ ಕಡೆ ಮುರೀತೀರ, ಜೋರಾಗಿ ಓದೋಕೆ ಹೋದ್ರೆ ಲಯ ತಪ್ಪಿ ಉಸಿರು ಎಲ್ಲೆಲ್ಲೋ ಸಿಕ್ಕಾಕೊಳ್ಳುತ್ತೆ. ಒಂದು ಜಾಹೀರಾತು ಚಿಕ್ಕದು ಮಾಡಿ, ಕವಿ ಮುರಿದ ಕಡೆ ಮಾತ್ರ ಮುರೀರಿ, ಪಕ್ಕದಲ್ಲೊಂದು ಕ್ಯೂಆರ್ ಕೋಡ್ ಹಾಕಿ ಕವಿಯ ದನೀಲೇ ಕೇಳಿಸಿ, ಮನೇಲಿ ಯಾವ ಮಗು ಎಲ್ಲಿ ಮಲಗಿಕೊಂಡು ಕೇಳಿಸ್ಕೊಳ್ತಿರುತ್ತೋ.

ನಿಮ್ಮ ಪತ್ರಿಕೆಯ ಹಳೇ ಓದುಗ